ನೆರಳು ಮತ್ತು ಬಣ್ಣದ ಗೆರೆ: ದೈತ್ಯ ಗ್ರಹಕ್ಕೆ ಎರಡು ಸಾಕ್ಷಿ

ಗದ್ದನಕೇರಿ ಕ್ರಾಸ್ ದಾಟಿ ವಿಜಯಪುರದ ಕಡೆ ಹೊರಟ ಬಸ್ಸು ಅನಗವಾಡಿಯ ಹತ್ತಿರ ಘಟಪ್ರಭೆಯ ಸೇತುವೆ ಏರುತ್ತದೆ. ರಾತ್ರಿ ಹೊತ್ತು ಕಿಟಕಿಯ ಪಕ್ಕ ಕುಳಿತವರು ಎದುರಿನಿಂದ ಬರುವ ಲಾರಿಯ ದೀಪವನ್ನು ಬಹಳ ದೂರದಿಂದಲೇ ಕಾಣುತ್ತಾರೆ. ಆ ದೀಪದ ಮುಂದೆ ಒಂದು ಹುಳ ಹಾದು ಹೋಯಿತು ಎನ್ನಿ. ಹುಳ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆದರೆ ದೀಪದ ಬೆಳಕು ಕೂದಲೆಳೆಯಷ್ಟು ತಗ್ಗುತ್ತದೆ. ಅದನ್ನು ಅಳೆಯಬಲ್ಲ ಸಾಧನವಿದ್ದರೆ ಹುಳ ಎಷ್ಟು ದೊಡ್ಡದು ಎಂದು ಹೇಳಬಹುದು. ಅಷ್ಟರಲ್ಲಿ ಲಾರಿ ಹಾರನ್ ಹೊಡೆಯುತ್ತ ಬರುತ್ತದೆ. ಹತ್ತಿರ ಬರುವಾಗ ದನಿ ಕೀರಲು. ನಮ್ಮನ್ನು ದಾಟಿದ ಮರುಕ್ಷಣ ಅದೇ ದನಿ ದಪ್ಪ. ಕಣ್ಣು ಮುಚ್ಚಿಕೊಂಡಿದ್ದರೂ ಲಾರಿ ಬರುತ್ತಿದೆಯೋ ಹೋಗುತ್ತಿದೆಯೋ ಗೊತ್ತಾಗುತ್ತದೆ.

ದೂರದ ನಕ್ಷತ್ರವೊಂದನ್ನು ಸುತ್ತುವ ದೈತ್ಯ ಗ್ರಹವನ್ನು ಖಗೋಳ ವಿಜ್ಞಾನಿಗಳು ಪತ್ತೆ ಹಚ್ಚುವುದು ಹೆಚ್ಚಾಗಿ ಈ ಎರಡು ಉಪಾಯಗಳಿಂದ. ಒಂದು, ತಗ್ಗಿದ ಬೆಳಕು. ಇನ್ನೊಂದು, ಬದಲಾದ ದನಿ; ಆದರೆ ಇಲ್ಲಿ ದನಿಯ ಬದಲು ಬೆಳಕಿನ ಬಣ್ಣ. ಈ ಎರಡನೆಯ ಉಪಾಯದ ಬೇರು ಹುಡುಕುತ್ತ ಹೋದರೆ ದಾರಿಯಲ್ಲಿ ಸಿಗುವ ಊರುಗಳಲ್ಲಿ ನಮ್ಮ ಜಮಖಂಡಿಯೂ ಒಂದು. ಈ ಸಂಗತಿ ನಮ್ಮ ಭಾಗದಲ್ಲೇ ಹೆಚ್ಚು ಜನರಿಗೆ ತಿಳಿದಿಲ್ಲ. ಈ ಲೇಖಕನೂ ಅದನ್ನು ಶಾಲೆಯಲ್ಲಿ ಕೇಳಿದವನಲ್ಲ.

ಸೀಸಕ್ಕಿಂತ ಭಾರದ ಗ್ರಹ

ಮೊದಲು ಹೊಸ ಸುದ್ದಿಯಿಂದ ಆರಂಭಿಸೋಣ. 2023ರಲ್ಲಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಅಭಿಜಿತ್ ಚಕ್ರವರ್ತಿ ಅವರ ತಂಡ ಒಂದು ಗ್ರಹವನ್ನು ಪ್ರಕಟಿಸಿತು. ಅದರ ಹೆಸರು ಟಿಒಐ-4603ಬಿ. ನಮ್ಮಿಂದ ಸುಮಾರು 731 ಜ್ಯೋತಿರ್ವರ್ಷ ದೂರ. ಈಗ ನಮಗೆ ತಲುಪುತ್ತಿರುವ ಬೆಳಕು ಅಲ್ಲಿಂದ ಹೊರಟ ಕಾಲಕ್ಕೆ ನಮ್ಮ ಈ ಸೀಮೆಯನ್ನು ದೇವಗಿರಿಯ ಸೇವುಣರು ಆಳುತ್ತಿದ್ದರು.

ಈ ಗ್ರಹದ ಅಗಲ ಹೆಚ್ಚುಕಡಿಮೆ ನಮ್ಮ ಗುರುಗ್ರಹದಷ್ಟೇ. ದ್ರವ್ಯರಾಶಿ ಮಾತ್ರ ಗುರುವಿನ ಸುಮಾರು 13 ಪಟ್ಟು. ಹೀಗಾಗಿ ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ 14 ಗ್ರಾಂ ದಾಟುತ್ತದೆ. ಸೀಸದ ಸಾಂದ್ರತೆ 11 ಗ್ರಾಂಗಿಂತ ತುಸು ಹೆಚ್ಚು. ಅಂದರೆ ಅನಿಲದ ಈ ಗೋಳ ಸೀಸದ ಗುಂಡಿಗಿಂತಲೂ ಭಾರ! ನಮ್ಮ ಗುರುವಿಗೆ ಸೂರ್ಯನನ್ನು ಒಂದು ಸುತ್ತು ಹಾಕಲು ಸುಮಾರು 12 ವರ್ಷ ಬೇಕು. ಇದು ತನ್ನ ನಕ್ಷತ್ರವನ್ನು ಏಳೂಕಾಲು ದಿನಕ್ಕೊಮ್ಮೆ ಸುತ್ತುತ್ತದೆ. ಆ ನಕ್ಷತ್ರ ಸೂರ್ಯನಿಗಿಂತ ತುಸು ಬಿಸಿ. ಅದರ ದ್ರವ್ಯರಾಶಿ ಸೂರ್ಯನ ಒಂದೂಮುಕ್ಕಾಲು ಪಟ್ಟಿನಷ್ಟು. ಅಗಲ ಎರಡೂವರೆ ಪಟ್ಟಿಗೂ ಹೆಚ್ಚು.

ಕಣ್ಣಿಗೂ ಕಾಣದ, ದೂರದರ್ಶಕಕ್ಕೂ ಸಿಗದ ಈ ಗ್ರಹದ ಅಗಲ ಇಷ್ಟು, ತೂಕ ಇಷ್ಟು ಎಂದು ಹೇಗೆ ಹೇಳಿದರು? ಹೇಳಿದ್ದು ನಿಜವೆಂದು ನಂಬುವುದು ಹೇಗೆ?

ಮೊದಲ ಸಾಕ್ಷಿ: ನೆರಳು

ನಕ್ಷತ್ರದ ಮುಂದೆ ಗ್ರಹವೊಂದು ಹಾದು ಹೋಗುವುದಕ್ಕೆ ಸಂಕ್ರಮ ಎನ್ನುತ್ತಾರೆ. ಇದು ಗ್ರಹಣದ ತಮ್ಮನೇ. ಸೂರ್ಯಗ್ರಹಣದಲ್ಲಿ ಚಂದ್ರ ಅಡ್ಡ ಬರುತ್ತಾನೆ. ಸಂಕ್ರಮದಲ್ಲಿ ಬುಧನೋ ಶುಕ್ರನೋ ಸೂರ್ಯಬಿಂಬದ ಮೇಲೆ ಕಪ್ಪು ಚುಕ್ಕೆಯಾಗಿ ಸರಿಯುತ್ತಾನೆ. ಕೆಪ್ಲರ್ ಮೊದಲೇ ಲೆಕ್ಕ ಹಾಕಿ ಹೇಳಿದ್ದಂತೆ 1631ರಲ್ಲಿ ಫ್ರಾನ್ಸಿನ ಗಾಸೆಂಡಿ ಬುಧನ ಸಂಕ್ರಮವನ್ನು ಮೊದಲ ಬಾರಿಗೆ ನೋಡಿದ. ಇಪ್ಪತ್ತು ವರ್ಷಗಳ ನಂತರ, 1651ರಲ್ಲಿ, ಶೇಕರ್ಲಿ ಎಂಬ ಇಂಗ್ಲಿಷಿನವ ಅದನ್ನೇ ನೋಡಲು ಸೂರತ್ತಿನಲ್ಲಿದ್ದ.

ಕನ್ನಡಕ್ಕೂ ಸಂಕ್ರಮಕ್ಕೂ ಹಳೆಯ ನಂಟಿದೆ. 1874ರ ಡಿಸೆಂಬರ್ 9ರಂದು ಶುಕ್ರ ಸಂಕ್ರಮ ಭಾರತದಲ್ಲಿ ಕಾಣಲಿತ್ತು. ಆಗ ಮದರಾಸಿನ ವೀಕ್ಷಣಾಲಯದಲ್ಲಿ ಚಿಂತಾಮಣಿ ರಘುನಾಥಾಚಾರಿ ಎಂಬ ವಿದ್ವಾಂಸರಿದ್ದರು. ಆಕಾಶವನ್ನು ನೋಡಿ, ಅಳೆದು, ಅದರಂತೆ ಪಂಚಾಂಗವನ್ನು ತಿದ್ದಬೇಕೆಂಬ ಹಟದ ಮನುಷ್ಯ. 1867ರಲ್ಲಿ ಒಂದು ನಕ್ಷತ್ರದ ಬೆಳಕು ಏರಿಳಿಯುವುದನ್ನು ಕಂಡು ಹಿಡಿದವರು. ಶುಕ್ರ ಸಂಕ್ರಮವೆಂದರೇನು, ಅದು ಏಕೆ ಮಹತ್ವದ್ದು ಎಂದು ಜನಸಾಮಾನ್ಯರಿಗೆ ತಿಳಿಸಲು ಅವರು ಒಂದು ಕಿರುಪುಸ್ತಕ ಬರೆದರು. ಅದು ಕನ್ನಡದಲ್ಲೂ ಅಚ್ಚಾಯಿತು. ಅಂದರೆ, ಒಂದು ಗ್ರಹ ನಕ್ಷತ್ರದ ಮುಂದೆ ಹಾದರೆ ಅದರಿಂದ ಏನನ್ನು ತಿಳಿಯಬಹುದು ಎಂಬ ವಿಚಾರ ಒಂದೂವರೆ ಶತಮಾನದ ಹಿಂದೆಯೇ ಕನ್ನಡ ಓದುಗರ ಕೈಗೆ ಬಂದಿತ್ತು.

2004ರ ಜೂನ್ 8 ಮತ್ತು 2012ರ ಜೂನ್ 6ರ ಶುಕ್ರ ಸಂಕ್ರಮಗಳನ್ನು ನಮ್ಮಲ್ಲಿ ಅನೇಕರು ನೋಡಿದ್ದಾರೆ. ಮುಂದಿನದು 2117ರಲ್ಲಿ. ಆ ದಿನಗಳಲ್ಲಿ ಸೂರ್ಯನ ಬೆಳಕು ತಗ್ಗಿದ್ದು ಸಾವಿರದಲ್ಲಿ ಒಂದು ಪಾಲು ಮಾತ್ರ. ಬಿಸಿಲಿನಲ್ಲಿ ನಿಂತವರಿಗೆ ವ್ಯತ್ಯಾಸವೇ ತಿಳಿಯಲಿಲ್ಲ.

ಲೆಕ್ಕವನ್ನು ನಮ್ಮ ಅಡುಗೆಮನೆಯಿಂದಲೇ ತಿಳಿಯಬಹುದು. ಸಂಕ್ರಾಂತಿಗೆ ಮಾಡುವ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಹತ್ತು ಇಂಚು ಅಗಲವಿದೆ ಎಂದುಕೊಳ್ಳಿ. ಅದು ಸೂರ್ಯ. ಆಗ ಭೂಮಿ ಅದರ ಮೇಲಿನ ಒಂದು ಎಳ್ಳು. ಗುರು ಒಂದು ಇಂಚು ಅಗಲದ ಗುಂಡಿ. ಗುಂಡಿಯ ಅಗಲ ರೊಟ್ಟಿಯ ಹತ್ತನೆಯ ಒಂದು ಭಾಗ. ಆದರೆ ಅದು ಮುಚ್ಚುವ ಜಾಗ ನೂರರಲ್ಲಿ ಒಂದು ಭಾಗ. ಆದ್ದರಿಂದ ಸೂರ್ಯನಂಥ ನಕ್ಷತ್ರದ ಮುಂದೆ ಗುರುವಿನಂಥ ಗ್ರಹ ಹಾದರೆ ಬೆಳಕು ಶೇಕಡಾ ಒಂದರಷ್ಟು ಇಳಿಯುತ್ತದೆ. ಎಳ್ಳು ಹಾದರೆ ಹತ್ತು ಸಾವಿರದಲ್ಲಿ ಒಂದು ಪಾಲೂ ಇಳಿಯುವುದಿಲ್ಲ. ದೈತ್ಯ ಗ್ರಹಗಳೇ ಮೊದಲು ಸಿಕ್ಕಿದ್ದಕ್ಕೆ ಇದೂ ಒಂದು ಕಾರಣ.

ಬೆಳಕು ಎಷ್ಟು ತಗ್ಗಿತು ಎಂಬುದರಿಂದ ಗ್ರಹದ ಅಗಲ ಸಿಗುತ್ತದೆ. ಎಷ್ಟು ದಿನಕ್ಕೊಮ್ಮೆ ತಗ್ಗಿತು ಎಂಬುದರಿಂದ ಅದರ ವರ್ಷದ ಅವಧಿ ಸಿಗುತ್ತದೆ. ಟಿಒಐ-4603ಬಿ ಮುಚ್ಚುವ ಬೆಳಕು ಸಾವಿರದಲ್ಲಿ ಒಂದೂವರೆ ಪಾಲಿನಷ್ಟು. ರಘುನಾಥಾಚಾರಿಯವರ ಕಾಲದಲ್ಲಿ ಶುಕ್ರ ಮುಚ್ಚಿದ್ದಕ್ಕಿಂತ ತುಸುವೇ ಹೆಚ್ಚು. ಈ ಇಳಿತವನ್ನು ಹಿಡಿದದ್ದು 2018ರಲ್ಲಿ ಅಮೆರಿಕದ ನಾಸಾ ಹಾರಿಸಿದ ‘ಟೆಸ್’ ಉಪಗ್ರಹ.

ನೆರಳು ಹೇಳದ ಮಾತು

ಆದರೆ ನೆರಳನ್ನಷ್ಟೇ ನಂಬಿದರೆ ಮೋಸ ಹೋಗುವ ಸಂಭವವಿದೆ. ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಇತಿಹಾಸದಲ್ಲೇ ಇದಕ್ಕೆ ಒಂದು ಒಳ್ಳೆಯ ಉದಾಹರಣೆ ಇದೆ. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಒಂದು ನಕ್ಷತ್ರವನ್ನು ಮರೆಮಾಡಲಿತ್ತು. ಸಂಸ್ಥೆಯ ಕಾವಲೂರು ವೀಕ್ಷಣಾಲಯದಲ್ಲಿ ಜೆ. ಸಿ. ಭಟ್ಟಾಚಾರ್ಯ ಮತ್ತು ಕುಪ್ಪುಸ್ವಾಮಿ ಒಂದು ಮೀಟರ್ ದೂರದರ್ಶಕದಿಂದ ಅದನ್ನು ಕಾಯುತ್ತಿದ್ದರು. ಗ್ರಹ ಮರೆಮಾಡುವ ಮೊದಲೇ ನಕ್ಷತ್ರದ ಬೆಳಕು ಕೆಲವು ಸೆಕೆಂಡು ತಗ್ಗಿ ಮತ್ತೆ ಏರಿತು. ಯುರೇನಸ್ಸಿನ ಹೊಸ ಚಂದ್ರನೊಂದು ಅಡ್ಡ ಬಂದಿರಬೇಕೆಂದು ಅವರು ಮೊದಲು ಭಾವಿಸಿದರು. ಬೇರೆ ಕಡೆಗಳ ವೀಕ್ಷಣೆಗಳನ್ನೂ ಜೋಡಿಸಿ ನೋಡಿದಾಗ ತಿಳಿದದ್ದು ಬೇರೆ: ಅದು ಚಂದ್ರನಲ್ಲ, ಯುರೇನಸ್ಸಿಗೆ ಶನಿಯಂತೆ ಉಂಗುರಗಳಿದ್ದವು! ಇಳಿತ ನಿಜವೇ, ಅದರ ಅರ್ಥ ಮಾತ್ರ ಬೇರೆ.

ದೂರದ ಗ್ರಹಗಳ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಹತ್ತಿಯನ್ನು ಒತ್ತಿ ಬೇಲು ಕಟ್ಟುವುದನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಎಷ್ಟು ಹತ್ತಿ ತುಂಬಿದರೂ ಪ್ರೆಸ್ಸು ಒತ್ತಿ ಅದೇ ಅಳತೆಗೆ ತರುತ್ತದೆ. ಅನಿಲದ ದೈತ್ಯ ಗ್ರಹವೂ ಹಾಗೆ. ಗುರುವಿಗೆ ಇನ್ನಷ್ಟು ಅನಿಲ ಸೇರಿಸಿದರೆ ಅದು ಉಬ್ಬುವ ಬದಲು ತನ್ನ ಗುರುತ್ವದಿಂದ ತನ್ನನ್ನೇ ಒತ್ತಿಕೊಳ್ಳುತ್ತದೆ. ಆದ್ದರಿಂದ ಗುರುವಿನಂಥ ಗ್ರಹ, ಅದರ ಹತ್ತು ಪಟ್ಟು ಭಾರದ ಗ್ರಹ, ‘ಕಂದು ಕುಬ್ಜ’ ಎಂದು ಕರೆಯುವ ನಕ್ಷತ್ರವಾಗಲಾರದ ಕಾಯ, ತೀರ ಸಣ್ಣ ಕೆಂಪು ನಕ್ಷತ್ರ, ಈ ನಾಲ್ಕರ ಅಗಲವೂ ಹೆಚ್ಚುಕಡಿಮೆ ಒಂದೇ. ನಾಲ್ಕರ ನೆರಳೂ ಒಂದೇ ತೆರ. ಅಡ್ಡ ಬಂದದ್ದು ಯಾವುದು ಎಂದು ತೀರ್ಮಾನಿಸಲು ತೂಕ ಬೇಕು. ತೂಕವನ್ನು ನೆರಳು ಹೇಳುವುದಿಲ್ಲ.

ಜಮಖಂಡಿಯ ಬೆಳಗು

ಇಲ್ಲಿ ನಾವು ಜಮಖಂಡಿಗೆ ಮರಳಬೇಕು. 1868ರ ಆಗಸ್ಟ್ 18ರಂದು ಭಾರತದ ಮೇಲೆ ಒಂದು ಅಪರೂಪದ ಖಗ್ರಾಸ ಸೂರ್ಯಗ್ರಹಣ ಹಾದು ಹೋಯಿತು. ಐದು ನಿಮಿಷಕ್ಕೂ ಮೀರಿದ ಕತ್ತಲೆ. ನೆರಳಿನ ಪಟ್ಟಿ ಪಶ್ಚಿಮ ಕರಾವಳಿಯಿಂದ ಜಮಖಂಡಿ, ವಿಜಯಪುರಗಳ ಮೇಲೆ ಸಾಗಿ, ಗುಂಟೂರು, ಮಚಲಿಪಟ್ಟಣ ದಾಟಿ ಸಮುದ್ರ ಸೇರಿತು. ಬೀಳಗಿ ಸೀಮೆಯ ಅನಗವಾಡಿಯೂ ಆ ಪಟ್ಟಿಯ ಒಳಗೇ ಬರುತ್ತದೆ.

ಆಗ ಜಮಖಂಡಿ ಪಟವರ್ಧನ ಮನೆತನದ ಸಂಸ್ಥಾನ. ಲಂಡನ್ನಿನ ರಾಯಲ್ ಸೊಸೈಟಿ ತನ್ನ ಉಪಕರಣಗಳನ್ನು ಕೊಟ್ಟು ಅಲ್ಲಿಗೆ ಕಳಿಸಿದ್ದು ಲೆಫ್ಟಿನೆಂಟ್ ಜಾನ್ ಹರ್ಷೆಲ್ ಎಂಬ ಮೂವತ್ತೊಂದರ ಆಸುಪಾಸಿನ ಎಂಜಿನಿಯರನನ್ನು. ಭಾರತದ ಮಹಾ ತ್ರಿಕೋನಮಿತಿ ಸರ್ವೆಯಲ್ಲಿ ಅವನ ನೌಕರಿ. ಅವನ ಅಜ್ಜ ವಿಲಿಯಂ ಹರ್ಷೆಲ್ 1781ರಲ್ಲಿ ಯುರೇನಸ್ಸನ್ನು ಕಂಡು ಹಿಡಿದವನು. ದೂರದರ್ಶಕದಿಂದ ಹೊಸ ಗ್ರಹ ಕಂಡ ಮೊದಲಿಗ. ಅದೇ ಗ್ರಹಣಕ್ಕೆ ವಿಜಯಪುರದಲ್ಲಿ ಕ್ಯಾಪ್ಟನ್ ಹೇಗ್, ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಮತ್ತು ಮೇಜರ್ ಟೆನೆಂಟ್, ಮಚಲಿಪಟ್ಟಣದಲ್ಲಿ ಮದರಾಸಿನ ಪೋಗ್ಸನ್ ಇದ್ದರು. ನಮ್ಮ ರಘುನಾಥಾಚಾರಿಯವರು ಇಂದಿನ ತೆಲಂಗಾಣದ ವನಪರ್ತಿಯಲ್ಲಿದ್ದರು.

ಹರ್ಷೆಲ್ ತಂದಿದ್ದ ಮುಖ್ಯ ಸಾಧನ ರೋಹಿತದರ್ಶಕ. ಪಟ್ಟಕದ ಮೂಲಕ ಬೆಳಕನ್ನು ಹಾಯಿಸಿ ಕಾಮನಬಿಲ್ಲಿನ ಬಣ್ಣಗಳಾಗಿ ಬಿಡಿಸುವ ಸಾಧನ ಅದು. ಪ್ರತಿ ಮೂಲವಸ್ತುವಿಗೂ ಅದರದ್ದೇ ಆದ ಬಣ್ಣದ ಗೆರೆಗಳಿರುತ್ತವೆ. ಜಾನುವಾರುಗಳಿಗೆ ಬರೆ ಹಾಕಿ ಗುರುತು ಮಾಡಿದ ಹಾಗೆ. ಖಗ್ರಾಸದ ಹೊತ್ತಿನಲ್ಲಿ ಸೂರ್ಯನ ಅಂಚಿನಿಂದ ಕೆಂಪು ಜ್ವಾಲೆಗಳು ಚಾಚಿಕೊಂಡು ಕಾಣುತ್ತವೆ. ಅವು ಏನು? ಉರಿಯುವ ಅನಿಲವೇ, ಮೋಡಗಳೇ? ಅಂದಿನ ದೊಡ್ಡ ಪ್ರಶ್ನೆ ಇದು.

ಮಳೆಗಾಲದ ಮೋಡ ಆ ದಿನ ಜಮಖಂಡಿಯಲ್ಲೂ ಕಾಡಿತು. ವರ್ಷಗಟ್ಟಲೆ ಸಿದ್ಧತೆ, ಸಮುದ್ರ ದಾಟಿ ಬಂದ ಉಪಕರಣ, ಐದು ನಿಮಿಷದ ಕತ್ತಲೆ, ಅದರಲ್ಲೂ ಮೋಡ! ಮೋಡಗಳ ಸಂದಿನಲ್ಲಿ ಸಿಕ್ಕ ಸ್ವಲ್ಪ ಸಮಯದಲ್ಲೇ ಹರ್ಷೆಲ್ ತನ್ನ ಸಾಧನವನ್ನು ಒಂದು ಜ್ವಾಲೆಯ ಕಡೆ ತಿರುಗಿಸಿದ. ಕಂಡದ್ದು ಮೂರು ಪ್ರಕಾಶಮಾನ ಗೆರೆಗಳು: ಕೆಂಪು, ಕಿತ್ತಳೆ, ನೀಲಿ. ಉತ್ತರ ಸಿಕ್ಕಿತು. ಮೋಡವಾಗಿದ್ದರೆ ಬಣ್ಣಗಳೆಲ್ಲ ಸೇರಿದ ಪಟ್ಟಿ ಕಾಣಬೇಕಿತ್ತು. ಬಿಡಿಬಿಡಿ ಗೆರೆಗಳನ್ನು ಕೊಡುವುದು ಕಾದ ಅನಿಲ ಮಾತ್ರ. ಗುಂಟೂರಿನಲ್ಲಿದ್ದವರೂ ಅದನ್ನೇ ಕಂಡರು.

ಆ ಕಿತ್ತಳೆ ಗೆರೆ ಸೋಡಿಯಂನದೆಂದೇ ಮೊದಲು ಅನೇಕರು ಭಾವಿಸಿದ್ದರು. ಅದೇ ವರ್ಷ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲಾಕ್ಯರ್ ಗ್ರಹಣವಿಲ್ಲದೆಯೇ ಅದನ್ನು ಅಳೆದು ನೋಡಿದಾಗ ಅದು ಸೋಡಿಯಂನ ಜಾಗದಲ್ಲಿರಲಿಲ್ಲ. ಭೂಮಿಯ ಮೇಲೆ ಅಂದಿಗೆ ಯಾರೂ ಕಾಣದ ವಸ್ತುವಿನ ಗುರುತು ಅದು. ಗ್ರೀಕರ ಸೂರ್ಯನ ಹೆಸರಿನಿಂದ ಅದಕ್ಕೆ ಹೀಲಿಯಂ ಎಂದರು. 1895ರಲ್ಲಿ ರಾಮ್ಸೆ ಅದನ್ನು ಭೂಮಿಯ ಖನಿಜವೊಂದರಿಂದ ಹೊರತೆಗೆದಾಗ ಸಂದೇಹ ತೀರಿತು.

ಎರಡನೆಯ ಸಾಕ್ಷಿ: ಜರುಗುವ ಗೆರೆ

ಜಮಖಂಡಿಯ ಹರ್ಷೆಲ್ ಗ್ರಹ ಹುಡುಕುತ್ತಿರಲಿಲ್ಲ. ವೇಗವನ್ನು ಅಳೆಯಲೂ ಇಲ್ಲ. ಆದರೆ ದೂರದ ಬೆಳಕಿನ ಗೆರೆ ಓದಿ, ಕೈಗೆಟುಕದ ವಸ್ತುವಿನ ಗುಟ್ಟು ಹೇಳಬಹುದೆಂಬುದು ಆ ಬೆಳಗಿನಲ್ಲಿ ಸ್ಪಷ್ಟವಾಯಿತು. ಅದೇ 1868ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಹಗಿನ್ಸ್ ಮುಂದಿನ ಹೆಜ್ಜೆ ಇಟ್ಟ. ಲುಬ್ಧಕ ನಕ್ಷತ್ರದ ಬೆಳಕಿನಲ್ಲಿ ಗೆರೆ ತನ್ನ ಜಾಗದಿಂದ ಕೂದಲೆಳೆಯಷ್ಟು ಜರುಗಿದೆ, ಆದ್ದರಿಂದ ನಕ್ಷತ್ರ ಚಲಿಸುತ್ತಿದೆ ಎಂದ. ಅವನ ಅಂಕಿ ಸರಿಯಿರಲಿಲ್ಲ, ದಾರಿ ಸರಿಯಿತ್ತು. ಅನಗವಾಡಿ ಸೇತುವೆಯ ಹಾರನ್ನಿನ ನಿಯಮವೇ ಇಲ್ಲೂ: ಬೆಳಕು ಕೊಡುವ ವಸ್ತು ನಮ್ಮತ್ತ ಬಂದರೆ ಗೆರೆಗಳು ನೀಲಿಯ ಕಡೆ ಜರುಗುತ್ತವೆ, ದೂರ ಹೋದರೆ ಕೆಂಪಿನ ಕಡೆ.

ಇದಕ್ಕೂ ಗ್ರಹದ ತೂಕಕ್ಕೂ ಏನು ಸಂಬಂಧ? ಜಾತ್ರೆಯಲ್ಲಿ ಮಗುವಿನ ಎರಡೂ ಕೈ ಹಿಡಿದು ಗಿರಗಿರನೆ ತಿರುಗಿಸುವ ಅಪ್ಪನನ್ನು ನೋಡಿ. ಮಗು ದೊಡ್ಡ ಸುತ್ತು ಹೊಡೆಯುತ್ತದೆ. ಅಪ್ಪನೂ ಹಿಂದಕ್ಕೆ ವಾಲಿ ಚಿಕ್ಕ ಸುತ್ತು ಹೊಡೆಯುತ್ತಾನೆ. ಮಗು ಭಾರವಾದಷ್ಟೂ ಅಪ್ಪನ ತೂರಾಟ ಹೆಚ್ಚು. ಗ್ರಹ ಸುತ್ತುವಾಗ ನಕ್ಷತ್ರವೂ ಹೀಗೆಯೇ ತೂಗಾಡುತ್ತದೆ. ಗುರುಗ್ರಹದಿಂದ ನಮ್ಮ ಸೂರ್ಯನಿಗೆ ಬರುವ ವೇಗ ಸೆಕೆಂಡಿಗೆ ಸುಮಾರು 12 ಮೀಟರ್. ಭೂಮಿಯಿಂದ ಬರುವುದು 9 ಸೆಂಟಿಮೀಟರ್, ಇರುವೆಯ ನಡಿಗೆಗಿಂತ ಸ್ವಲ್ಪ ಹೆಚ್ಚು. ಟಿಒಐ-4603ಬಿ ತನ್ನ ನಕ್ಷತ್ರವನ್ನು ತೂಗಾಡಿಸುವುದು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ವೇಗದಲ್ಲಿ. ಮಗು ಅಷ್ಟು ಭಾರ!

ಈ ತೂರಾಟವನ್ನು ಅವಸರದಲ್ಲಿ ಓದಿದರೆ ಇದೂ ಮೋಸ ಮಾಡುತ್ತದೆ. 1855ರಲ್ಲಿ ಮದರಾಸು ವೀಕ್ಷಣಾಲಯದ ಕ್ಯಾಪ್ಟನ್ ಜೇಕಬ್ ‘70 ಓಫಿಯೂಕಿ’ ಎಂಬ ಜೋಡಿ ನಕ್ಷತ್ರಗಳ ಓಡಾಟದಲ್ಲಿ ಏರುಪೇರು ಕಂಡು, ಅಲ್ಲೊಂದು ಗ್ರಹ ಇರಬಹುದೆಂದು ಪ್ರಕಟಿಸಿದ. ಆಗ ಅವನ ಬಳಿ ಇದ್ದದ್ದು ನಕ್ಷತ್ರದ ಸ್ಥಾನದ ಅಳತೆ ಮಾತ್ರ. ಸೌರವ್ಯೂಹದ ಆಚೆ ಗ್ರಹವಿದೆ ಎಂದು ಮಾಡಿದ ಬಹುಮೊದಲ ಘೋಷಣೆಗಳಲ್ಲಿ ಅದು ಒಂದು. ನಮ್ಮ ನೆಲದಿಂದಲೇ ಹೊರಟ ಘೋಷಣೆ. ಆದರೆ ನಂತರದ ಅಳತೆಗಳಿಗೆ ಅದು ನಿಲ್ಲಲಿಲ್ಲ.

ಎರಡೂ ಸಾಕ್ಷಿ ಕೂಡಿದಾಗ

ನಕ್ಷತ್ರಕ್ಕೆ ತೀರ ಹತ್ತಿರ ಸುತ್ತುವ ದೈತ್ಯ ಗ್ರಹಗಳಿದ್ದರೆ ಗೆರೆಯ ಜರುಗುವಿಕೆಯಿಂದಲೂ ಬೆಳಕಿನ ಇಳಿತದಿಂದಲೂ ಹಿಡಿಯಬಹುದೆಂದು 1952ರಲ್ಲೇ ಆಟೊ ಸ್ಟ್ರೂವ್ ಬರೆದಿದ್ದರು. ಹೆಚ್ಚು ಜನ ಕಿವಿಗೊಡಲಿಲ್ಲ. ನಮ್ಮ ಗುರುವಿನಂಥ ಗ್ರಹ ನಕ್ಷತ್ರದ ಮಗ್ಗುಲಲ್ಲಿ ಏಕಿರಬೇಕು ಎಂಬ ಅನುಮಾನ. 1995ರಲ್ಲಿ ಸ್ವಿಟ್ಜರ್ಲೆಂಡಿನ ಮೇಯರ್ ಮತ್ತು ಕ್ವೆಲೋ ಸೂರ್ಯನಂಥದೇ ಒಂದು ನಕ್ಷತ್ರದ ಸುತ್ತ ನಾಲ್ಕೇ ದಿನಕ್ಕೊಮ್ಮೆ ಸುತ್ತುವ ಗ್ರಹವನ್ನು ಗೆರೆಗಳ ಜರುಗುವಿಕೆಯಿಂದ ಕಂಡರು. 2019ರಲ್ಲಿ ಅವರಿಗೆ ನೊಬೆಲ್ ಬಂತು.

ಆದರೂ ಅದು ಒಂದೇ ಸಾಕ್ಷಿ. 1999ರಲ್ಲಿ ಡೇವಿಡ್ ಶಾರ್ಬೊನೊ ಮತ್ತು ಸಂಗಡಿಗರು, ಅವರಲ್ಲದೆ ಗ್ರೆಗ್ ಹೆನ್ರಿಯವರ ತಂಡ, ಎಚ್‌ಡಿ 209458 ಎಂಬ ಸೂರ್ಯಸದೃಶ ನಕ್ಷತ್ರವನ್ನು ಕಾದು ಕುಳಿತರು. ಗೆರೆಗಳು ಹೇಳಿದ್ದ ಹೊತ್ತಿಗೆ ಸರಿಯಾಗಿ ಬೆಳಕು ಸುಮಾರು ಶೇಕಡಾ ಒಂದೂವರೆ ಇಳಿಯಿತು. ಮೊದಲ ಬಾರಿಗೆ ಎರಡು ಸಾಕ್ಷಿಗಳೂ ಒಂದೇ ಮಾತು ಹೇಳಿದವು. ಆ ಗ್ರಹ ಗುರುವಿಗಿಂತ ಅಗಲ, ಆದರೆ ತೂಕ ಗುರುವಿನ ಮುಕ್ಕಾಲಿಗೂ ಕಡಿಮೆ. ಸಾಂದ್ರತೆ ನೀರಿಗಿಂತ ಕಡಿಮೆ. ಅದನ್ನೂ ಟಿಒಐ-4603ಬಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದು ನೀರಿನ ಮೇಲೆ ತೇಲುವಷ್ಟು ಹಗುರ, ಇನ್ನೊಂದು ಸೀಸಕ್ಕಿಂತ ಭಾರ. ನೆರಳನ್ನು ಮಾತ್ರ ನೋಡಿದ್ದರೆ ಎರಡನ್ನೂ ಒಂದೇ ಜಾತಿಯೆಂದು ಬಿಡುತ್ತಿದ್ದೆವು.

ಭಾರತದಲ್ಲಿ ಈ ಎರಡನೆಯ ಸಾಕ್ಷಿಯನ್ನು ನುಡಿಸುತ್ತಿರುವ ಮುಖ್ಯ ಸಾಧನ ರಾಜಸ್ಥಾನದ ಅಬು ಬೆಟ್ಟದ ಗುರುಶಿಖರದಲ್ಲಿದೆ. ‘ಪರಸ್’ ಎಂದು ಅದರ ಹೆಸರು. ಹರ್ಷೆಲನ ರೋಹಿತದರ್ಶಕದ ಮೊಮ್ಮಗ ಎನ್ನಬಹುದು. 1.2 ಮೀಟರ್ ದೂರದರ್ಶಕಕ್ಕೆ ಜೋಡಿಸಿದ ಈ ಸಾಧನ, ಬೆಳಕು ಒಳಬರುವ ಕೋಣೆಯ ಬಿಸಿ, ಒತ್ತಡ ಬದಲಾಗದಂತೆ ಕಾದುಕೊಂಡು, ಸೆಕೆಂಡಿಗೆ ಕೆಲವೇ ಮೀಟರ್ ವೇಗವನ್ನೂ ಗುರುತಿಸುತ್ತದೆ. 2018ರಲ್ಲಿ ಸೂರ್ಯನಂಥ ನಕ್ಷತ್ರವೊಂದರ ಸುತ್ತ ಭೂಮಿಯ 27 ಪಟ್ಟು ದ್ರವ್ಯರಾಶಿಯ ಗ್ರಹವನ್ನು ಇದರಿಂದ ಖಚಿತಪಡಿಸಿದರು. 2021ರಲ್ಲಿ ಟಿಒಐ-1789ಬಿ, 2023ರಲ್ಲಿ ನಮ್ಮ ಈ ಭಾರದ ಗ್ರಹ. ‘ಪರಸ್-2’ ಈಗ ಅಲ್ಲಿಯೇ ಎರಡೂವರೆ ಮೀಟರ್ ದೂರದರ್ಶಕದ ಜೊತೆ ಕೆಲಸ ಮಾಡುತ್ತಿದೆ.

ಟಿಒಐ-4603ಬಿಯ ವಿಷಯದಲ್ಲಿ ಇನ್ನೊಂದು ಕುತೂಹಲ ಉಳಿದಿದೆ. ಗುರುವಿನ 13 ಪಟ್ಟಿನ ಆಸುಪಾಸಿನಲ್ಲಿ ಒಂದು ಗಡಿ ಇದೆ. ಅದನ್ನು ದಾಟಿದ ಕಾಯದ ಒಡಲಲ್ಲಿ ಡ್ಯುಟೀರಿಯಂ ಎಂಬ ಭಾರದ ಜಲಜನಕ ಬೆಸೆದು ಉರಿಯುತ್ತದೆ. ಅಂಥದನ್ನು ಕಂದು ಕುಬ್ಜ ಎನ್ನುತ್ತಾರೆ. ಈ ಗ್ರಹ ನಿಂತಿರುವುದು ಸರಿಯಾಗಿ ಆ ಗಡಿಯ ಮೇಲೆ. ದೂರದಲ್ಲಿ ಹುಟ್ಟಿ ನಕ್ಷತ್ರದತ್ತ ಸರಿದು ಬಂದಿರಬೇಕೆಂಬುದಕ್ಕೆ ಅದರ ಮೊಟ್ಟೆಯಾಕಾರದ ಕಕ್ಷೆ ಸೂಚನೆ ಕೊಡುತ್ತದೆ. ಗ್ರಹವೆಂದರೇನು ಎಂಬ ಪ್ರಶ್ನೆಯನ್ನೇ ಅದು ಮತ್ತೆ ಕೇಳುವಂತೆ ಮಾಡಿದೆ.

ಒಂದು ಸಾಕ್ಷಿ ನಂಬಿ ಜೇಕಬ್ ಎಡವಿದ. ಕಾವಲೂರಿನವರು ಚಂದ್ರನೆಂದದ್ದು ಉಂಗುರವಾಯಿತು. ಅವರು ಕಂಡದ್ದನ್ನು ಬಚ್ಚಿಡದೆ ಎಲ್ಲರ ಮುಂದಿಟ್ಟರು. ಆದ್ದರಿಂದಲೇ ತಪ್ಪು ತಿದ್ದಲು ಸಾಧ್ಯವಾಯಿತು. ಜಮಖಂಡಿಯ ಮೋಡದ ಸಂದಿನಲ್ಲಿ ಕಂಡ ಮೂರು ಗೆರೆಗಳಿಂದ ಅಬು ಬೆಟ್ಟದ ಗೆರೆಗಳವರೆಗೆ ನಡೆದು ಬಂದದ್ದು ಇದೇ ಪದ್ಧತಿ. ಮುಂದೆ ಅನಗವಾಡಿಯ ಸೇತುವೆಯ ಮೇಲೆ ಹಾರನ್ ಕೇಳಿದಾಗ ಬಡಿದು ಬೈಯುವ ಬದಲು ಒಂದು ಕ್ಷಣ ಕಿವಿಗೊಟ್ಟು ಕೇಳಿ. 731 ಜ್ಯೋತಿರ್ವರ್ಷ ದೂರದ ಗ್ರಹವನ್ನು ತೂಗಿದ ತಕ್ಕಡಿ ಅದೇ.